ನಿರೋಧಕ ತಳಿಗೂ ಬೆಂಕಿ ರೋಗ ಬಂತು, ಬೀಜದಲ್ಲಿ ಮೋಸವೇ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮಗೆ ಸಣ್ಣ ಗದ್ದೆ ಇದೆ. ಬೆಂಕಿ ರೋಗ ಬರುವುದಿಲ್ಲ ಎಂದು ಹೇಳಿ ಕೊಟ್ಟ ಭತ್ತದ ಬೀಜವನ್ನು ನಾಲ್ಕು ವರ್ಷದಿಂದ ಏಣೆಲಿಗೆ (ಮಳೆಗಾಲದ ಬೆಳೆಗೆ) ಹಾಕುತ್ತಿದ್ದೇವೆ. ಮೂರು ವರ್ಷ ಚೆನ್ನಾಗಿತ್ತು. ಹೋದ ಮಳೆಗಾಲದಲ್ಲಿ ಎಲೆಯ ಮೇಲೆ ಚುಕ್ಕೆ ಬಂತು. ಆಮೇಲೆ ತೆನೆಯ ಕುತ್ತಿಗೆ ಕಪ್ಪಾಗಿ ಕಾಲು ಭಾಗ ಜೊಳ್ಳಾಯಿತು. ಬೀಜದಲ್ಲಿ ಮೋಸ ಆಗಿದೆಯಾ? ಅಮ್ಮ ಬೆಳೆಯುತ್ತಿದ್ದ ಕಜೆ ಭತ್ತಕ್ಕೆ ಇಂಥದ್ದು ಬರುತ್ತಲೇ ಇರಲಿಲ್ಲವಂತೆ. ಇನ್ನೊಂದು ವಿಷಯ: ಹಿತ್ತಿಲಿನ ಮಟ್ಟುಗುಳ್ಳ ಬದನೆ ಗಿಡಗಳು ಹಸಿರಾಗಿದ್ದ ಹಾಗೇ ಸೊರಗಿ ಸಾಯುತ್ತಿವೆ. ರೋಗ ಬಾರದ ಗುಳ್ಳ ಮಾಡಲು ಆಗುವುದಿಲ್ಲವೇ?

ಉತ್ತರ: ಬೀಜದಲ್ಲಿ ಮೋಸ ನಡೆಯುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನೀವು ಬರೆದದ್ದು ನೋಡಿದರೆ ನಿಮ್ಮ ಗದ್ದೆಯಲ್ಲಿ ಆಗಿದ್ದು ಅದಲ್ಲ ಅನಿಸುತ್ತದೆ. ಬೇರೆ ಬೀಜ ಕೊಟ್ಟಿದ್ದರೆ ಮೂರು ಮಳೆಗಾಲ ಸುಮ್ನೆ ದಾಟುತ್ತಿರಲಿಲ್ಲ. ಬದಲಾಗಿರುವುದು ಬೀಜ ಅಲ್ಲ, ಬೆಂಕಿ ರೋಗ ತರುವ ಶಿಲೀಂಧ್ರ.

ಇದನ್ನು ಹೇಳಿದರೆ ಹೆಚ್ಚಿನವರು ಒಪ್ಪುವುದಿಲ್ಲ. "ಮನೆಬೀಜ ಮಾಡಿ ಮಾಡಿ ಶಕ್ತಿ ಹೋಯ್ತು ಮಾರಾಯ್ರೇ" ಅನ್ನುತ್ತಾರೆ. ಭತ್ತದ ಮಟ್ಟಿಗೆ ಆ ಮಾತು ಸರಿಯಲ್ಲ. ಭತ್ತದ ಹೂವು ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಹಾಗಾಗಿ ಈ ವರ್ಷದ ಗಿಡದಲ್ಲಿ ಇದ್ದ ಜೀನ್ ಮುಂದಿನ ವರ್ಷದ ಗಿಡದಲ್ಲೂ ಹಾಗೇ ಇರುತ್ತದೆ. ಜೀನ್ ಸವೆಯುವುದಿಲ್ಲ. ಹೈಬ್ರಿಡ್ ಭತ್ತ ಆಗಿದ್ದರೆ ಮಾತ್ರ ಬೇರೆ ಕಥೆ, ಅದರಲ್ಲಿ ಮನೆಬೀಜ ಮಾಡಿದರೆ ಗುಣಗಳೆಲ್ಲ ಚೆದುರಿಹೋಗುತ್ತವೆ. ಮನೆಬೀಜದಲ್ಲಿ ನಿಜವಾಗಿ ಆಗುವ ತೊಂದರೆ ಬೆರಕೆ. ಕಣದಲ್ಲೋ ಕಟಾವು ಯಂತ್ರದಲ್ಲೋ ಪಕ್ಕದವರ ಭತ್ತ ಸೇರಿಕೊಳ್ಳುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. ರೋಗ ಬಂದ ಬುಡಗಳು ಉಳಿದವಕ್ಕಿಂತ ಎತ್ತರ ಇದ್ದವೇ? ಬೇಗ ಅಥವಾ ತಡವಾಗಿ ತೆನೆ ಬಿಟ್ಟಿದ್ದವೇ? ಅಕ್ಕಿಯ ಬಣ್ಣ ಬೇರೆಯೇ? ಹೌದಾದರೆ ಬೆರಕೆ. ಒಂದೇ ಥರದ ಗಿಡಗಳಿಗೆ ಗದ್ದೆಯ ಉದ್ದಕ್ಕೂ ಬಂದಿದ್ದರೆ ಬೆರಕೆ ಅಲ್ಲ.

ಬಂದಿದ್ದು ಬೆಂಕಿ ರೋಗವೇ ಹೌದೇ ಎಂಬುದೂ ಖಚಿತ ಆಗಬೇಕು. ಕುತ್ತಿಗೆ ಕಪ್ಪಾಯಿತು ಎಂದು ಬರೆದಿದ್ದೀರಿ, ಹಾಗಾಗಿ ಬಹುತೇಕ ಅದೇ. ಎಲೆಯ ಮೇಲೆ ಬೆಂಕಿ ರೋಗದ ಮಚ್ಚೆ ಕಣ್ಣಿನ ಆಕಾರದಲ್ಲಿ ಇರುತ್ತದೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಉರುಟಾದ ಕಂದು ಚುಕ್ಕೆಗಳೇ ತುಂಬಿದ್ದರೆ ಅದು ಕಂದು ಚುಕ್ಕೆ ರೋಗ. ಗೊಬ್ಬರ ಸಾಲದ, ಪೊಟ್ಯಾಷ್ ಕಡಿಮೆ ಇರುವ ಮಣ್ಣಿನಲ್ಲಿ ಅದು ಜಾಸ್ತಿ. ಅದರ ಶಿಲೀಂಧ್ರವೇ ಬೇರೆ. ಬೆಂಕಿ ರೋಗ ತಡೆಯುವ ಜೀನ್ ಅದಕ್ಕೆ ಏನೂ ಮಾಡುವುದಿಲ್ಲ. ಮೂರನೆಯ ಥರದ ಚುಕ್ಕೆಯೂ ಒಂದಿದೆ, ಅದನ್ನು ನೋಡಿ ಸುಮ್ಮಸುಮ್ಮನೆ ಹೆದರುವವರು ಬಹಳ. ಗುಂಡುಸೂಜಿಯ ತಲೆಯಷ್ಟು ಸಣ್ಣ ಕಂದು ಚುಕ್ಕೆ, ನಡುವೆ ಬೂದಿ ಬಣ್ಣ ಇಲ್ಲ, ದೊಡ್ಡದಾಗುವುದೂ ಇಲ್ಲ. ಅದು ರೋಗ ಗೆದ್ದ ಗುರುತಲ್ಲ, ಗಿಡ ಗೆದ್ದ ಗುರುತು.

ಅದು ಹೇಗೆ ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಬೆಂಕಿ ರೋಗದ ಬೀಜಕಣ ಗಾಳಿಯಲ್ಲಿ ಬಂದು ಒದ್ದೆ ಎಲೆಯ ಮೇಲೆ ಕೂರುತ್ತದೆ. ಮೊಳೆತು, ತುದಿಯಲ್ಲಿ ಒಂದು ಪುಟ್ಟ ಗುಮ್ಮಟ ಕಟ್ಟುತ್ತದೆ. ಆ ಗುಮ್ಮಟದ ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು. ಅಷ್ಟು ಒತ್ತಡದಲ್ಲಿ ಎಲೆಯ ಚರ್ಮ ತೂತು ಮಾಡಿ ಒಳಗೆ ಹೋಗುತ್ತದೆ. ಹೋದ ಮೇಲೆ ಗಿಡದ ಕೋಶಗಳಿಗೆ ತನ್ನ ಕೆಲವು ಪ್ರೋಟೀನ್‌ಗಳನ್ನು ಬಿಡುತ್ತದೆ. ಗಿಡದ ಕಾವಲು ಮಲಗಿಸುವುದು ಇವುಗಳ ಕೆಲಸ. ನಿರೋಧಕ ತಳಿಯಲ್ಲಿ ಈ ಪ್ರೋಟೀನ್‌ಗಳಲ್ಲಿ ಯಾವುದೋ ಒಂದನ್ನು ಗುರುತು ಹಿಡಿಯುವ ಇನ್ನೊಂದು ಪ್ರೋಟೀನ್ ಇರುತ್ತದೆ. ಗುರುತು ಸಿಕ್ಕ ಕೂಡಲೇ ಆ ಜಾಗದ ಕೋಶಗಳು ತಾವಾಗಿ ಸಾಯುತ್ತವೆ. ಈ ಶಿಲೀಂಧ್ರ ಜೀವ ಇರುವ ಕೋಶದಲ್ಲಿ ನೆಲೆ ಮಾಡಿಕೊಂಡು ಮುಂದೆ ಹರಡುವಂಥದ್ದು. ಸತ್ತ ಕೋಶಗಳ ನಡುವೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ಗುಂಡುಸೂಜಿ ಚುಕ್ಕೆ ಅಂದೆನಲ್ಲ, ಅದು ಇದೇ.

ಈ ವ್ಯವಸ್ಥೆಗೆ ಒಂದು ದೊಡ್ಡ ಕೊರತೆ ಇದೆ. ಖಾಕಿ ಬಟ್ಟೆ ಕಂಡರೆ ಮಾತ್ರ ಬೊಗಳುವ ನಾಯಿ ಸಾಕಿದ್ದೀರಿ ಎಂದಿಟ್ಟುಕೊಳ್ಳಿ. ಖಾಕಿ ಹಾಕಿದ ಕಳ್ಳರೇ ಬರುತ್ತಿರುವಷ್ಟು ದಿನ ಅದು ಬಲು ಒಳ್ಳೆಯ ನಾಯಿ. ಒಂದು ದಿನ ಕಳ್ಳ ಲುಂಗಿ ಉಟ್ಟು ಬಂದ. ನಾಯಿ ಅದೇ, ಕಿವಿ ಮೂಗು ಎಲ್ಲ ಸರಿ ಇದೆ, ಆದರೆ ಬೊಗಳಲಿಲ್ಲ.

ಭತ್ತದಲ್ಲಿ ಪಿ-ಟಾ ಎಂಬ ಜೀನ್ ಇದೆ. ಬೆಂಕಿ ರೋಗಕ್ಕೆ ಹೆಸರಾದ ಹಳೆಯ ಜೀನ್‌ಗಳಲ್ಲಿ ಒಂದು. ಅದರಿಂದ ಆಗುವ ಪ್ರೋಟೀನ್‌ನಲ್ಲಿ 928 ಅಮೈನೋ ಆಮ್ಲಗಳ ಸರಪಳಿ ಇದೆ. ರೋಗ ತಡೆಯುವ ಗಿಡಕ್ಕೂ ತಡೆಯದ ಗಿಡಕ್ಕೂ ವ್ಯತ್ಯಾಸ ಮಾಡುವುದು 918ನೆಯ ಕೊಂಡಿ ಒಂದೇ. ಅಲ್ಲಿ ಅಲನಿನ್ ಇದ್ದರೆ ಗಿಡ ಶಿಲೀಂಧ್ರವನ್ನು ಗುರುತಿಸುತ್ತದೆ, ಸೆರಿನ್ ಇದ್ದರೆ ಇಲ್ಲ. ಶಿಲೀಂಧ್ರದ ಕಡೆಯೂ ಅಷ್ಟೇ. ಪಿ-ಟಾ ಗುರುತು ಹಿಡಿಯುವುದು ಶಿಲೀಂಧ್ರದ ಯಾವ ಪ್ರೋಟೀನನ್ನೋ, ಅದರ ಜೀನ್ ಇರುವುದು ಕ್ರೋಮೋಸೋಮ್‌ನ ತುತ್ತತುದಿಯಲ್ಲಿ. ತುದಿಯ ಭಾಗ ತುಂಡಾಗಿ ಹೋಗುವುದು, ಬದಲಾಗುವುದು ಸುಲಭ. ಆ ಜೀನ್ ಕಳೆದುಕೊಂಡ ಶಿಲೀಂಧ್ರ ಪಿ-ಟಾ ಇರುವ ಗದ್ದೆಗೆ ರಾಜನ ಹಾಗೆ ಬರುತ್ತದೆ. ಒಂದು ಮಚ್ಚೆಯಿಂದ ಸಾವಿರಾರು ಬೀಜಕಣ ಹಾರುತ್ತವೆ. ಎಲೆಗೆ ತಗುಲಿದ ಒಂದು ವಾರದಲ್ಲಿ ಹೊಸ ಮಚ್ಚೆ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಒಂದರಲ್ಲಿ ಸರಿಯಾದ ಬದಲಾವಣೆ ಆದರೂ ಸಾಕು. ಬೈಲಿನ ತುಂಬಾ ಒಂದೇ ತಳಿ ಇದ್ದರೆ ಆ ಒಂದಕ್ಕೆ ಇಡೀ ಬೈಲೇ ಊಟ.

ಈ ಜೋಡಿ ಲೆಕ್ಕವನ್ನು ಮೊದಲು ಬಿಡಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್. ನಾರ್ತ್ ಡಕೋಟಾದಲ್ಲಿ ಅಗಸೆ ಬೆಳೆಯ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಿದ್ದರು. ರೋಗ ತಡೆಯುವ ಗುಣ ಮೆಂಡೆಲ್ ನಿಯಮದಂತೆ ಪೀಳಿಗೆಯಿಂದ ಪೀಳಿಗೆಗೆ ಹೋಗುತ್ತದೆ ಎಂದು 1905ರಲ್ಲೇ ಕೇಂಬ್ರಿಜ್‌ನ ರೋಲಂಡ್ ಬಿಫೆನ್ ಗೋಧಿಯಲ್ಲಿ ತೋರಿಸಿದ್ದರು. ಫ್ಲೋರ್ ಮಾಡಿದ ಜಾಣತನ ಏನೆಂದರೆ, ಗಿಡಗಳನ್ನು ಮಾತ್ರ ಅಲ್ಲ, ಶಿಲೀಂಧ್ರಗಳನ್ನೂ ಒಂದಕ್ಕೊಂದು ಅಡ್ಡ ಹಾಯಿಸಿ ನೋಡಿದರು. 1940ರ ದಶಕದಲ್ಲಿ ಅವರಿಗೆ ಸಿಕ್ಕ ಉತ್ತರ: ಗಿಡದ ಒಂದೊಂದು ನಿರೋಧಕ ಜೀನ್‌ಗೂ ಶಿಲೀಂಧ್ರದಲ್ಲಿ ಒಂದೊಂದು ಜೋಡಿ ಜೀನ್ ಇದೆ. ಎರಡೂ ಎದುರಾದರೆ ಮಾತ್ರ ತಡೆ. ಹಾಗಾಗಿ ಒಂದು ತಳಿಗೆ ರೋಗ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಯಾವ ಊರಿನ ರೋಗ, ಯಾವ ವರ್ಷದ ರೋಗ ಎಂದು ಕೇಳಬೇಕು. ಬೀಜದ ಚೀಲದ ಮೇಲೆ ಅದನ್ನು ಬರೆಯುವುದಿಲ್ಲ. ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. "ಬೆಂಕಿ ರೋಗ ನಿರೋಧಕ" ಎಂದು ಮೂರು ಪದದಲ್ಲಿ ಮುಗಿಸಿದರೆ ರೈತ ಅದನ್ನು ಗ್ಯಾರಂಟಿ ಎಂದೇ ಓದುತ್ತಾನೆ, ಅಲ್ವಾ?

ಹಾಗಂತ ತಳಿ ಪರೀಕ್ಷೆ ಮಾಡುವವರು ಕಣ್ಣು ಮುಚ್ಚಿ ಕೂತಿಲ್ಲ. ಕೊಡಗಿನ ಪೊನ್ನಂಪೇಟೆ ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಜಾಗ. ಮಂಜು, ಜಿನುಗು ಮಳೆ, ತಂಪು ರಾತ್ರಿ. ಹೊಸ ತಳಿಗಳನ್ನು ಅಲ್ಲಿ ಬೇಕೆಂದೇ ರೋಗಕ್ಕೆ ಒಡ್ಡುತ್ತಾರೆ. ಸುತ್ತ ರೋಗ ಬೇಗ ತಗುಲುವ ತಳಿ ಹಾಕಿ, ಯೂರಿಯಾ ಜಾಸ್ತಿ ಕೊಟ್ಟು, 0ಯಿಂದ 9ರ ತನಕ ಅಂಕ ಕೊಡುತ್ತಾರೆ. ಅಲ್ಲಿ ಗೆದ್ದ ತಳಿ ಒಳ್ಳೆಯದೇ. ಆದರೆ ಅಲ್ಲಿನ ಶಿಲೀಂಧ್ರಕ್ಕೂ ಕರಾವಳಿಯದ್ದಕ್ಕೂ ವ್ಯತ್ಯಾಸ ಇರಬಹುದು, ಇವತ್ತಿನದಕ್ಕೂ ಐದು ವರ್ಷದ ನಂತರದ್ದಕ್ಕೂ ಇರಬಹುದು.

ಇನ್ನು ಅಮ್ಮನ ಕಜೆ. ಹಳೆಯ ತಳಿಗೆ ರೋಗವೇ ಬರುತ್ತಿರಲಿಲ್ಲ ಎಂಬುದನ್ನು ಪೂರ್ತಿ ಒಪ್ಪಬೇಡಿ. ಯೂರಿಯಾ ಚೀಲ, ಹೊಸ ತಳಿ ಯಾವುದೂ ಇಲ್ಲದ ಕಾಲದಲ್ಲಿ, 1919ರ ಹೊತ್ತಿಗೆ, ತಂಜಾವೂರಿನ ಬಯಲಿನಲ್ಲಿ ಬೆಂಕಿ ರೋಗ ದೊಡ್ಡದಾಗಿ ಹಬ್ಬಿತ್ತು. ಆಗ ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದರೂ ಅಮ್ಮ ಹೇಳುವುದರಲ್ಲಿ ನಿಜ ಇದೆ.

ಒಂದು, ಮನೆಮನೆಯಲ್ಲಿ ಉಳಿದು ಬಂದ ಹಳೆಯ ತಳಿ ಪೂರ್ತಿ ಒಂದೇ ಥರ ಇರುತ್ತಿರಲಿಲ್ಲ. ಹೊರಗಿನಿಂದ ಒಂದೇ ಕಂಡರೂ ಒಳಗೆ ಬುಡದಿಂದ ಬುಡಕ್ಕೆ ಸಣ್ಣ ಸಣ್ಣ ವ್ಯತ್ಯಾಸ. ಒಂದಕ್ಕೆ ಬಂದ ರೋಗ ಪಕ್ಕದ್ದರಲ್ಲಿ ನಿಲ್ಲುತ್ತಿತ್ತು. ಎರಡು, ಹಟ್ಟಿಗೊಬ್ಬರ, ಸೊಪ್ಪು, ಬೂದಿ ಬಿಟ್ಟರೆ ಹೆಚ್ಚೇನೂ ಹಾಕುತ್ತಿರಲಿಲ್ಲ. ಸಾರಜನಕ ಜಾಸ್ತಿ ಆದಷ್ಟೂ ಎಲೆ ಮೆತ್ತಗೆ, ಬೆಂಕಿ ರೋಗಕ್ಕೆ ಅಷ್ಟೇ ಇಷ್ಟ. ಮೂರನೆಯದೇ ಮುಖ್ಯ: ಹಳೆಯ ತಳಿಗಳಲ್ಲಿ ಹಲವು ಸಣ್ಣ ಜೀನ್‌ಗಳು ಸೇರಿ ಕೊಡುವ ಅರೆ ತಡೆ ಇರುತ್ತದೆ. ಇದರಲ್ಲಿ ರೋಗ ಬರುತ್ತದೆ. ಆದರೆ ಮಚ್ಚೆ ಕಡಿಮೆ, ಸಣ್ಣ, ನಿಧಾನ. ತೆನೆ ಮಾಗುವ ಹೊತ್ತಿಗೆ ಬೆಳೆ ಕೈಗೆ ಸಿಕ್ಕಿರುತ್ತದೆ. ಗುರುತು ಹಿಡಿದು ಹೊಡೆಯುವ ಆಟ ಇಲ್ಲಿಲ್ಲ. ಹಾಗಾಗಿ ಶಿಲೀಂಧ್ರ ಒಂದು ಜೀನ್ ಬದಲಾಯಿಸಿ ದಾಟಲು ಆಗುವುದಿಲ್ಲ.

ಹೊಸ ತಳಿ ಮಾಡುವವರು ಇಂಥ ಅರೆ ತಡೆಯನ್ನು ಬಹುಕಾಲ ಕಡೆಗಣಿಸಿದರು. ಕಾರಣ ಸರಳ. ಪರೀಕ್ಷೆ ಗದ್ದೆಯಲ್ಲಿ ಒಂದೂ ಮಚ್ಚೆ ಇಲ್ಲದ ಗಿಡ ಚಂದ ಕಾಣುತ್ತದೆ, ನಾಲ್ಕು ಮಚ್ಚೆ ಇರುವ ಗಿಡವನ್ನು ಕಿತ್ತು ಎಸೆಯುತ್ತಾರೆ. ಜಪಾನಿನ ಒಂದು ಕಥೆ ಇಲ್ಲಿ ಹೇಳಲೇಬೇಕು. ಅಲ್ಲಿನ ಬೆಟ್ಟುಗದ್ದೆಯ ಭತ್ತದಲ್ಲಿ ಬಾಳಿಕೆ ಬರುವ ಅರೆ ತಡೆ ಇರುವುದು ಗೊತ್ತಿತ್ತು. ಅದನ್ನು ಊಟದ ಅಕ್ಕಿಯ ತಳಿಗೆ ತರಲು ನೋಡಿದಾಗೆಲ್ಲ ಅನ್ನದ ರುಚಿ ಕೆಡುತ್ತಿತ್ತು. ರೋಗ ತಡೆಯುವ ಜೀನೇ ರುಚಿ ಕೆಡಿಸುತ್ತದೆ ಎಂದು ಕೈಬಿಟ್ಟವರೂ ಇದ್ದಿರಬೇಕು. 2009ರಲ್ಲಿ ಆ ಜೀನ್ ಪಿ-21 ಅನ್ನು ಬಿಡಿಸಿ ನೋಡಿದಾಗ, ರುಚಿ ಕೆಡಿಸುವುದು ಅದರ ಪಕ್ಕಕ್ಕೇ ಅಂಟಿಕೊಂಡ ಬೇರೊಂದು ಜೀನ್ ಎಂದು ತಿಳಿಯಿತು. ಎರಡರ ನಡುವೆ ತುಂಡಾದ ಅಪರೂಪದ ಗಿಡ ಹುಡುಕಿದರು. ತಡೆ ಉಳಿಯಿತು, ರುಚಿಯೂ ಉಳಿಯಿತು.

ತಳಿ ಬೆರೆಸಿ ಹಾಕುವುದರ ಲಾಭಕ್ಕೆ ದೊಡ್ಡ ಸಾಕ್ಷಿ ಚೀನಾದ ಯುನ್ನಾನ್‌ನದು. 1998 ಮತ್ತು 1999ರಲ್ಲಿ ಅಲ್ಲಿ ಸಾವಿರಾರು ರೈತರು ರೋಗ ತಡೆಯುವ ಹೈಬ್ರಿಡ್ ಭತ್ತದ ಸಾಲುಗಳ ನಡುವೆ, ಬೆಲೆ ಜಾಸ್ತಿ ಆದರೆ ರೋಗ ಬೇಗ ತಗುಲುವ ಅಂಟು ಅಕ್ಕಿಯ ತಳಿಯನ್ನು ಒಂದೊಂದು ಸಾಲು ಹಾಕಿದರು. ಒಂದೇ ತಳಿ ಹಾಕಿದಾಗ ಬರುತ್ತಿದ್ದುದಕ್ಕೆ ಹೋಲಿಸಿದರೆ ಅಂಟು ಅಕ್ಕಿಯಲ್ಲಿ ಬೆಂಕಿ ರೋಗ 94% ಕಡಿಮೆ ಆಯಿತು, ಇಳುವರಿ 89% ಹೆಚ್ಚಿತು. ಔಷಧಿ ಸಿಂಪಡಿಸುವುದನ್ನೇ ಬಿಟ್ಟವರಿದ್ದಾರೆ. ಆದರೆ ಅವರು ಕೈಯಲ್ಲಿ ಕೊಯ್ದು ಬೇರೆ ಮಾಡುತ್ತಿದ್ದರು. ನಮ್ಮಲ್ಲಿ ಈಗ ಕೊಯ್ಯುವುದು ಯಂತ್ರ. ಮಿಲ್ಲಿನವರಿಗೂ ಕುಚ್ಚಲಕ್ಕಿ ಮಾಡಲು ಒಂದೇ ಥರದ ಭತ್ತ ಬೇಕು. ಸಾಲಿನ ಬೆರಕೆ ಇಲ್ಲಿ ನಡೆಯುವುದಿಲ್ಲ. ನಡೆಯುವುದು ಏನೆಂದರೆ, ಒಂದು ಬೈಲಿನಲ್ಲಿ ನೀವು ಒಂದು ತಳಿ, ಪಕ್ಕದವರು ಇನ್ನೊಂದು ತಳಿ ಹಾಕುವುದು. ನೇಜಿ (ಭತ್ತದ ಸಸಿ) ಹಾಕುವ ಮುಂಚೆ ಒಮ್ಮೆ ಮಾತಾಡಿಕೊಂಡರೆ ಸಾಕು. ಖರ್ಚಿಲ್ಲದ ಉಪಾಯ ಇದು. ಇದನ್ನೇ ಯಾರೂ ಮಾಡುವುದಿಲ್ಲ.

ತಜ್ಞರು ಮಾಡುವ ಇನ್ನೊಂದು ದಾರಿ, ಒಂದೇ ತಳಿಗೆ ಎರಡು ಮೂರು ಜೀನ್ ಒಟ್ಟಿಗೆ ಸೇರಿಸುವುದು. ಶಿಲೀಂಧ್ರವೋ ದುಂಡಾಣುವೋ (ಬ್ಯಾಕ್ಟೀರಿಯಾ) ಒಂದೇ ಹೊತ್ತಿಗೆ ಮೂರೂ ಕಡೆ ಬದಲಾಗುವುದು ಕಷ್ಟ. ಒಳ್ಳೆಯ ಉದಾಹರಣೆ ಬೆಂಕಿ ರೋಗದ್ದಲ್ಲ, ದುಂಡಾಣು ಎಲೆ ಅಂಗಮಾರಿಯದು. ಘಟ್ಟದ ಮೇಲಿನ ಬೆಳ್ತಿಗೆ ಅಕ್ಕಿಯಲ್ಲಿ ಬಿಪಿಟಿ 5204, ಅಂದರೆ ಸಾಂಬಾ ಮಸೂರಿಗೆ ಬಹಳ ಹೆಸರು. ಅಂಗಮಾರಿಗೆ ಅದು ಬೇಗ ಬಲಿ. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಸೇರಿ ಅದಕ್ಕೆ ಎಕ್ಸ್‌ಎ 21, ಎಕ್ಸ್‌ಎ 13, ಎಕ್ಸ್‌ಎ 5 ಎಂಬ ಮೂರು ಜೀನ್ ಸೇರಿಸಿದವು. ಮೊದಲನೆಯದು ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ಎರಡನೆಯದರ ರೀತಿ ನನಗೆ ಬಹಳ ಇಷ್ಟ. ದುಂಡಾಣು ಗಿಡದ ಒಂದು ಸ್ವಿಚ್ ಒತ್ತಿ ಕೋಶದಿಂದ ಸಕ್ಕರೆ ಹೊರಬಿಡುವ ಬಾಗಿಲು ತೆರೆಸಿಕೊಂಡು ತಿನ್ನುತ್ತದೆ. ಎಕ್ಸ್‌ಎ 13 ಇರುವ ಗಿಡದಲ್ಲಿ ಆ ಸ್ವಿಚ್ ಸ್ವಲ್ಪ ಬದಲಾಗಿದೆ, ದುಂಡಾಣು ಒತ್ತಿದರೂ ಕೆಲಸ ಮಾಡುವುದಿಲ್ಲ. ಯಾರೂ ಯಾರನ್ನೂ ಹೊಡೆಯುವುದಿಲ್ಲ, ಸುಮ್ನೆ ಊಟ ಸಿಗುವುದಿಲ್ಲ.

ಇದು ಕುಲಾಂತರಿ ಅಲ್ಲ ಎಂದು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆ ಅದೇ ಬರುತ್ತದೆ. ಭತ್ತಕ್ಕೆ ಭತ್ತವನ್ನೇ ಅಡ್ಡ ಹಾಯಿಸಿದ್ದು. ಮೊದಲ ಸಲ ಹಾಯಿಸಿದಾಗ ಅರ್ಧ ಸಾಂಬಾ ಮಸೂರಿ. ಬಂದ ಗಿಡವನ್ನು ಮತ್ತೆ ಸಾಂಬಾ ಮಸೂರಿಗೇ ಹಾಯಿಸಿದರೆ ಸರಾಸರಿ 75%. ಮತ್ತೊಮ್ಮೆ ಹಾಯಿಸಿದರೆ 87.5%. ಹೀಗೆ ಸಾಂಬಾ ಮಸೂರಿಗೇ ಮರಳಿ ನಾಲ್ಕು ಸಲ ಹಾಯಿಸಿದ ಮೇಲೆ ಸುಮಾರು 97%. ಪ್ರತಿ ಸಲವೂ ನೇಜಿಯ ಎಲೆ ತುಂಡಿನಿಂದ ಡಿಎನ್‌ಎ ತೆಗೆದು, ಬೇಕಾದ ಜೀನ್ ಯಾವುದರಲ್ಲಿದೆ ಎಂದು ನೋಡಿ ಅದನ್ನು ಮಾತ್ರ ಉಳಿಸುತ್ತಾರೆ. ರೋಗ ಬರುವ ತನಕ ಕಾಯಬೇಕಿಲ್ಲ. 2008ರ ಹೊತ್ತಿಗೆ ಈ ಸುಧಾರಿತ ತಳಿ ರೈತರಿಗೆ ಬಿಡುಗಡೆ ಆಯಿತು. ನಮ್ಮ ಕೆಂಪಕ್ಕಿ ತಳಿಗಳಿಗೂ ಇದೇ ರೀತಿ ಬೆಂಕಿ ರೋಗದ ಜೀನ್‌ಗಳನ್ನು ಜೋಡಿಸಬಹುದು. ತಂತ್ರ ಗೊತ್ತಿದೆ, ಬೇಕಿರುವುದು ವರ್ಷಗಟ್ಟಲೆ ಕೂತು ಮಾಡುವ ಜನ.

ಈಗ ನಿಮ್ಮ ಗದ್ದೆಗೆ. ರೋಗ ಬಂದ ಬೆಳೆಯಿಂದ ಬೀಜ ಇಡಬೇಡಿ. ಅದೇ ತಳಿಯನ್ನು ಒಂದೆರಡು ವರ್ಷ ಬಿಟ್ಟು ಬೇರೆಯದು ಹಾಕಿ. ಯಾವುದು ಎಂಬುದನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೇ ಕೇಳಿ, ಹತ್ತಿರದಲ್ಲೇ ಇದೆ. ಕೇಳುವಾಗ "ರೋಗ ಬರುತ್ತದಾ" ಎನ್ನಬೇಡಿ. "ಹೋದ ವರ್ಷ ನಮ್ಮ ಸುತ್ತಮುತ್ತ ಇದಕ್ಕೆ ಬೆಂಕಿ ರೋಗ ಬಂದಿತ್ತಾ" ಎಂದು ಕೇಳಿ. ಯೂರಿಯಾ ಒಂದೇ ಸಲ ಸುರಿಯಬೇಡಿ, ಎರಡು ಮೂರು ಕಂತು ಮಾಡಿ. ಎಲೆಯಲ್ಲಿ ಕಣ್ಣಿನಾಕಾರದ ಮಚ್ಚೆ ಕಂಡ ಮೇಲೆ ಉಳಿದ ಕಂತನ್ನು ತಡೆಹಿಡಿಯಿರಿ. ಔಷಧಿ ಬೇಕಾದರೆ ತೆನೆ ಹೊರಡುವ ಹೊತ್ತಿಗೇ ಬೇಕು. ಕುತ್ತಿಗೆ ಕಪ್ಪಾದ ಮೇಲೆ ಸಿಂಪಡಿಸಿದರೆ ದುಡ್ಡು ನೀರಿಗೆ.

ಕೊನೆಗೆ ಗುಳ್ಳ. ಹಸಿರಾಗಿದ್ದ ಹಾಗೇ ಸೊರಗುವುದು ದುಂಡಾಣು ಸೊರಗು ರೋಗದ ಲಕ್ಷಣ. ಪರೀಕ್ಷೆ ಮನೆಯಲ್ಲೇ ಮಾಡಿ. ಸೊರಗಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿ ನೀರಿನಲ್ಲಿ ತುದಿ ಮುಳುಗಿಸಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ. ಈ ದುಂಡಾಣು ಮಣ್ಣಿನಲ್ಲಿ ಇರುತ್ತದೆ, ಮಳೆ ಜಾಸ್ತಿ ಇರುವ ನಮ್ಮ ಹುಳಿ ಮಣ್ಣು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.

ರೋಗ ತಡೆಯುವ ಬದನೆ ಇಲ್ಲವೆಂದಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ, ಅರ್ಕಾ ನಿಧಿ, ಕೇರಳ ಕೃಷಿ ವಿಶ್ವವಿದ್ಯಾಲಯದ ಸೂರ್ಯ, ಶ್ವೇತ ಇವೆಲ್ಲ ಇದೇ ರೋಗಕ್ಕಾಗಿ ಮಾಡಿದ ತಳಿಗಳು. ಅವುಗಳ ಜೀನ್ ಗುಳ್ಳಕ್ಕೆ ತರಬಹುದು. ಆದರೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ತರಕಾರಿ ಅದು. ಉರುಟು ಕಾಯಿ, ತಿಳಿ ಹಸಿರು ಮೈ, ತೆಳು ಸಿಪ್ಪೆ, ಸಾಂಬಾರಿನಲ್ಲಿ ಕರಗುವ ತಿರುಳು, ಇದರಲ್ಲಿ ಒಂದು ತಪ್ಪಿದರೂ ಉಡುಪಿಯ ಜನ ಅದನ್ನು ಗುಳ್ಳ ಅನ್ನುವುದಿಲ್ಲ. ಜಪಾನಿನ ಅಕ್ಕಿಗೆ ಆದ ಹಾಗೆ ಬೇಡದ ಗುಣ ಅಂಟಿಕೊಂಡು ಬಂದರೆ ಬಿಡಿಸಲು ಬಹಳ ಕಾಲ ಬೇಕು.

ಸದ್ಯಕ್ಕೆ ಸುಲಭ ದಾರಿ ಕಸಿ. ಸುಂಡೆ ಗಿಡ ಗೊತ್ತಲ್ಲ, ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ಕಾಯಿ ಬಿಡುವ ಕಾಡುಬದನೆ. ಅದರ ಬೇರು ಈ ದುಂಡಾಣುವನ್ನು ಚೆನ್ನಾಗಿ ತಡೆಯುತ್ತದೆ. ಸುಂಡೆಯ ಬುಡಕ್ಕೆ ಗುಳ್ಳದ ತುದಿ ಕಸಿ ಮಾಡಿದರೆ ಬೇರಿನ ಜೀನ್ ಕೆಳಗೆ, ಕಾಯಿಯ ಜೀನ್ ಮೇಲೆ. ಒಂದಕ್ಕೊಂದು ಬೆರೆಯುವುದಿಲ್ಲ, ಕಾಯಿ ಗುಳ್ಳವೇ ಆಗಿರುತ್ತದೆ. ಆ ಕಾಯಿಯ ಬೀಜ ಹಾಕಿದರೆ ಬರುವುದು ಮಾತ್ರ ಮೊದಲಿನ ಗುಳ್ಳವೇ, ರೋಗ ತಡೆಯುವುದಿಲ್ಲ. ಪ್ರತಿ ಸಲ ಕಸಿ ಮಾಡಲೇಬೇಕು. ಸುಂಡೆ ಬೀಜ ಮೊಳೆಯಲು, ಬೆಳೆಯಲು ತಡ, ಹಾಗಾಗಿ ಗುಳ್ಳಕ್ಕಿಂತ ಮೂರು ನಾಲ್ಕು ವಾರ ಮುಂಚೆ ಬಿತ್ತಿ. ನೆಡುವಾಗ ಕಸಿ ಮಾಡಿದ ಗಂಟು ಮಣ್ಣಿನಿಂದ ಮೇಲೆ ಇರಬೇಕು. ಅದು ಮಣ್ಣಿಗೆ ತಾಗಿದರೆ ಗುಳ್ಳವೇ ಬೇರು ಬಿಟ್ಟು ರೋಗ ಹತ್ತಿಸಿಕೊಳ್ಳುತ್ತದೆ. ಗಂಟಿನ ಕೆಳಗೆ ಬರುವ ಮುಳ್ಳು ಚಿಗುರುಗಳೆಲ್ಲ ಸುಂಡೆಯದು, ಕಂಡ ಕೂಡಲೇ ಚಿವುಟಿಬಿಡಿ.